ಖಾಲಿ ಬಿಡಿ, ಆದರೆ ಆಮೇಲೆ ತುಂಬಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ವಿಭಾಗದಲ್ಲಿ ಪುತ್ತೂರು ಕಡೆಯವರೊಬ್ಬರ ಪತ್ರ ಬಂದಿತ್ತು. ಅವರ ಮಾವನವರನ್ನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹೊಸ ಔಷಧದ ಅಧ್ಯಯನಕ್ಕೆ ಸೇರಿಸಿಕೊಂಡರಂತೆ. ಕಾಗದದ ಕಟ್ಟು ಮುಂದಿಟ್ಟು ಪುಟ ಪುಟಕ್ಕೂ ಸಹಿ ಹಾಕಿಸಿಕೊಂಡರಂತೆ. ‘ಇಷ್ಟೆಲ್ಲ ಕಾಗದ ಯಾರನ್ನು ಕಾಪಾಡಲಿಕ್ಕೆ? ಆಸ್ಪತ್ರೆಯನ್ನೇ ಅಲ್ವಾ?’ ಎಂದು ಅವರು ಕೇಳಿದ್ದರು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಕಾಗದಗಳು ಮೊದಲು ಕಾಪಾಡಬೇಕಾದ್ದು ಅವರ ಮಾವನವರನ್ನೇ. ಸರಿಯಾಗಿ ಬರೆದಿದ್ದರೆ ಕಾಪಾಡುತ್ತವೆ. ಸರಿಯಾಗಿ ಬರೆಯದಿದ್ದರೆ ಯಾರನ್ನೂ ಕಾಪಾಡುವುದಿಲ್ಲ, ಆಸ್ಪತ್ರೆಯನ್ನೂ ಸೇರಿಸಿ. ಈ ವಿಷಯ ಜನರಿಗೆ ತಲುಪಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ರಿಸರ್ಚ್ ಕೋಆರ್ಡಿನೇಟರ್. ಡಾಕ್ಟರಲ್ಲ, ನರ್ಸ್ ಕೂಡ ಅಲ್ಲ. ಔಷಧ ಅಧ್ಯಯನಕ್ಕೆ ಸೇರಿದ ರೋಗಿಗಳಿಗೆ ಫೋನ್ ಮಾಡುವುದು, ಅವರು ತಪಾಸಣೆಗೆ ಬರುವ ವಿಸಿಟ್ ದಿನ ಅವರ ಜೊತೆ ಇರುವುದು, ರಕ್ತದ ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದರು, ಮಾತ್ರೆ ಎಷ್ಟು ಕೊಟ್ಟೆವು, ಎಷ್ಟು ವಾಪಸ್ ಬಂತು, ಎಲ್ಲವನ್ನೂ ಬರೆದಿಡುವುದು ನನ್ನ ಕೆಲಸ. ಈ ಜಿಲ್ಲೆಯಲ್ಲೂ ಉಡುಪಿಯಲ್ಲೂ ಇಷ್ಟೊಂದು ಮೆಡಿಕಲ್ ಕಾಲೇಜುಗಳಿವೆ. ಹಾಗಾಗಿ ಇಲ್ಲಿನ ಬಹಳ ಮನೆಗಳಲ್ಲಿ ಯಾರಾದರೊಬ್ಬರು ಒಂದಲ್ಲ ಒಂದು ಅಧ್ಯಯನಕ್ಕೆ ಸಹಿ ಹಾಕಿರುತ್ತಾರೆ. ಕೆಲವರಿಗೆ ಅದು ನೆನಪೂ ಇರುವುದಿಲ್ಲ.

ಮೊದಲು ಆ ಸಹಿಯ ವಿಷಯ. ಒಪ್ಪಿಗೆ ಪತ್ರ ಕೊಟ್ಟ ಕೂಡಲೇ ನಮ್ಮವರು ಕೇಳುವುದು ಒಂದೇ ಮಾತು: ‘ಎಲ್ಲಿ ಸೈನ್ ಮಾಡ್ಬೇಕು ಹೇಳಿ ಮೇಡಂ, ಬಸ್ಸಿಗೆ ಹೊತ್ತಾಯ್ತು.’ ಡಾಕ್ಟರ ಮೇಲೆ ಅಷ್ಟು ನಂಬಿಕೆ. ಆದರೆ ಸಹಿಯ ಪಕ್ಕದಲ್ಲಿ ತಾರೀಕನ್ನು ರೋಗಿಯೇ ತಮ್ಮ ಕೈಯಾರೆ ಬರೆಯಬೇಕು ಅಂತ ನಾವು ಹಟ ಹಿಡಿಯುತ್ತೇವೆ. ಗಂಟೆಯನ್ನೂ ಬರೆಸುತ್ತೇವೆ. ಅದಕ್ಕೆ ಕಾರಣ ಉಂಟು. ಒಪ್ಪಿಗೆ ಮೊದಲು, ಅಧ್ಯಯನದ ಪರೀಕ್ಷೆ ಆಮೇಲೆ. ಒಪ್ಪಿಗೆ ಪತ್ರದಲ್ಲಿ 11.20 ಅಂತಿದ್ದು, ಲ್ಯಾಬಿನ ಚೀಟಿಯಲ್ಲಿ ರಕ್ತ ತೆಗೆದದ್ದು 10.50 ಅಂತ ಅಚ್ಚಾಗಿದ್ದರೆ, ಆ ಮನುಷ್ಯನ ಒಪ್ಪಿಗೆ ಕೇಳದೆಯೇ ಸೂಜಿ ಚುಚ್ಚಿದ್ದಾರೆ ಅಂತ ಅರ್ಥ. ಆಮೇಲೆ ಎಷ್ಟು ಚೆನ್ನಾಗಿ ವಿವರಿಸಿದೆವು ಅಂತ ಹೇಳಿಕೊಂಡರೂ ಉಪಯೋಗವಿಲ್ಲ. ಆ ಅರ್ಧ ಗಂಟೆ ಕಾಗದದ ಮೇಲೆ ಕಾಣುವುದರಿಂದಲೇ ರೋಗಿಯ ಪರವಾಗಿ ಯಾರಾದರೂ ಪ್ರಶ್ನೆ ಕೇಳಬಹುದು.

ಇನ್ನೊಂದು ಮಾತನ್ನು ಪುತ್ತೂರಿನ ಓದುಗರು ದಯವಿಟ್ಟು ಗಮನಿಸಬೇಕು. ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿ ಮತ್ತು ಮಾಹಿತಿ ಪತ್ರ ರೋಗಿಯ ಕೈಗೆ ಬರಲೇಬೇಕು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಯಾರೋ ಉಪಕಾರ ಮಾಡಿ ಕೊಡುವುದಲ್ಲ ಅದು. ನಿಮ್ಮ ಮಾವನವರ ಹತ್ತಿರ ಪ್ರತಿ ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ. ಅದರಲ್ಲಿ ಡಾಕ್ಟರ ಫೋನ್ ನಂಬರ್ ಇರಬೇಕು, ಅಧ್ಯಯನಕ್ಕೆ ಒಪ್ಪಿಗೆ ಕೊಡುವ, ರೋಗಿಗಳ ಹಿತ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ನಂಬರೂ ಇರಬೇಕು. ನಾಮಿನಿ ಯಾರು ಅಂತ ಬರೆಯುವ ಜಾಗ ಉಂಟು, ಅದನ್ನು ತುಂಬಿದ್ದಾರಾ ನೋಡಿ. ಅಧ್ಯಯನದ ಕಾರಣದಿಂದ ಜೀವಕ್ಕೆ ಏನಾದರೂ ಆದರೆ ಪರಿಹಾರ ಯಾರಿಗೆ ಹೋಗಬೇಕು ಅನ್ನುವುದು ಆ ಸಾಲಿನ ಮೇಲೆ ನಿಂತಿದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಕೇಳಿದರೆ ‘ಅದೆಲ್ಲ ಅಪಶಕುನ’ ಅನ್ನುತ್ತಾರೆ. ಪಕ್ಕದಲ್ಲೇ ಕೂತು ಸಮಾಧಾನವಾಗಿ ಹೇಳಿದರೆ ಬರೆಯುತ್ತಾರೆ.

ನಮ್ಮಲ್ಲಿಗೆ ಬರುವವರು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು. ಕಾಸರಗೋಡಿನಿಂದ ಬರುವವರಿಗೆ ಮಲಯಾಳ ಬೇಕು. ಫಾರ್ಮ್ ಕನ್ನಡದಲ್ಲಿದ್ದರೂ ವಿವರಿಸಿದ್ದು ಯಾವ ಭಾಷೆಯಲ್ಲಿ, ಎಷ್ಟು ಹೊತ್ತು, ರೋಗಿ ಏನೇನು ಪ್ರಶ್ನೆ ಕೇಳಿದರು ಅಂತ ನಾನು ಫೈಲಿನಲ್ಲಿ ಬರೆಯುತ್ತೇನೆ. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಅಲ್ಲೇ ಕೂತಿರಬೇಕು. ಕೊನೆಗೆ ಬಂದು ಸಹಿ ಹಾಕಿ ಹೋಗುವ ಸಾಕ್ಷಿ ಸಾಕ್ಷಿಯಲ್ಲ.

ಈಗ ಬರೆಯುವ ಕೆಲಸದ ಬಗ್ಗೆ. ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ನಮ್ಮ ಬಾಯಲ್ಲಿ ಜಿಸಿಪಿ, ಅಂತ ಔಷಧ ಅಧ್ಯಯನಗಳಿಗೆ ಜಗತ್ತೆಲ್ಲ ಪಾಲಿಸುವ ನಿಯಮಾವಳಿ ಇದೆ. 1996ರಲ್ಲಿ ಬಂತು, 2016ರಲ್ಲಿ ತಿದ್ದುಪಡಿಯಾಯಿತು, 2025ರ ಜನವರಿಯಲ್ಲಿ ಮೂರನೇ ರೂಪ ಅಂತಿಮವಾಯಿತು. ಭಾರತ 2001ರಲ್ಲೇ ತನ್ನದೇ ಜಿಸಿಪಿ ಮಾರ್ಗಸೂಚಿ ತಂದಿದೆ. ದಾಖಲೆಯ ಬಗ್ಗೆ ಇವೆಲ್ಲ ಹೇಳುವ ಮಾತು ತುಂಬಾ ಸರಳ. ಯಾರು ಬರೆದದ್ದು ಅಂತ ಗೊತ್ತಾಗಬೇಕು. ಓದಲು ಬರಬೇಕು. ನಡೆದ ಹೊತ್ತಿಗೇ ಬರೆದಿರಬೇಕು. ಮೊದಲು ಬರೆದ ಹಾಳೆಯೇ ಉಳಿದಿರಬೇಕು. ನಿಜವಾಗಿರಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ವೈಟ್ನರ್ ನಮ್ಮ ಮೇಜಿನ ಮೇಲೆ ಇರಲೇಬಾರದು.

ಇವುಗಳಲ್ಲಿ ಜನ ಹಗುರವಾಗಿ ತೆಗೆದುಕೊಳ್ಳುವುದು ‘ನಡೆದ ಹೊತ್ತಿಗೇ’ ಅನ್ನುವುದನ್ನು. ಆಮೇಲೆ ನೆನಪು ಮಾಡಿಕೊಂಡು ಬರೆದರೆ ಏನಾಯಿತು ಅಂತ ಕೇಳುತ್ತಾರೆ. ಏನಾಗುತ್ತದೆ ಅಂತ ಒಂದು ಘಟನೆಯಿಂದ ಹೇಳುತ್ತೇನೆ.

ನಾನು ಈ ಮೊದಲು ಬೇರೆ ಕಡೆ ಕೆಲಸ ಮಾಡುತ್ತಿದ್ದೆ. ಅಲ್ಲಿ ಅಧ್ಯಯನದ ಇಂಜೆಕ್ಷನ್‌ಗಳನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡಬೇಕಿತ್ತು. ದಿನಕ್ಕೆರಡು ಸಲ ಉಷ್ಣತೆ ನೋಡಿ ಪಟ್ಟಿಯಲ್ಲಿ ಬರೆಯಬೇಕಿತ್ತು. ಜುಲೈ ತಿಂಗಳು. ಇಲ್ಲಿನ ಮಳೆ ಗೊತ್ತಲ್ಲ. ರೆಡ್ ಅಲರ್ಟ್ ಅಂತ ರಜೆ ಕೊಟ್ಟ ದಿನ ನಮ್ಮ ವಿಭಾಗಕ್ಕೆ ಯಾರೂ ಬಂದಿರಲಿಲ್ಲ. ರಾತ್ರಿ ಕರೆಂಟೂ ಹೋಗಿತ್ತು. ಮರುದಿನ ಬಂದು ನೋಡಿದರೆ ಥರ್ಮಾಮೀಟರಿನ ಗರಿಷ್ಠ ಅಂಕೆ 11 ತೋರಿಸುತ್ತಿತ್ತು. ಆ ಹೊತ್ತಿಗೆ ಫ್ರಿಜ್ ಮತ್ತೆ ತಣ್ಣಗಾಗಿ 5ಕ್ಕೆ ಬಂದಿತ್ತು. ಪಟ್ಟಿಯಲ್ಲಿ ಹಿಂದಿನ ದಿನದ ಎರಡು ಚೌಕ ಖಾಲಿ.

ಹಿರಿಯರೊಬ್ಬರು ಹೇಳಿದರು: ‘ಸುಮ್ನೆ 5, 6 ಅಂತ ಬರೆದುಬಿಡಮ್ಮ. ಈಗ ಸರಿ ಉಂಟಲ್ಲ. ಯಾಕೆ ತಲೆಬಿಸಿ?’

ಅವರು ಕೆಟ್ಟವರೇನಲ್ಲ. ಖಾಲಿ ಚೌಕ ಕಂಡರೆ ಮಾನಿಟರ್ (ದಾಖಲೆ ಪರಿಶೀಲಿಸಲು ಔಷಧ ಕಂಪನಿ ಕಳಿಸುವವರು) ಬಂದಾಗ ಪ್ರಶ್ನೆ ಕೇಳುತ್ತಾರೆ, ವರದಿಯಲ್ಲಿ ಹಾಕುತ್ತಾರೆ ಅನ್ನುವ ಹೆದರಿಕೆ. ನಾನು ಬರೆಯಲಿಲ್ಲ. ‘ನಿನ್ನೆ ರಜೆ, ಯಾರೂ ನೋಡಿಲ್ಲ. ಇಂದು ಬೆಳಿಗ್ಗೆ ಗರಿಷ್ಠ 11 ಕಂಡಿದೆ’ ಅಂತ ಬರೆದು, ಗಂಟೆ ಹಾಕಿ, ಸಹಿ ಮಾಡಿದೆ. ಆ ಪೆಟ್ಟಿಗೆಗಳನ್ನು ಬೇರೆ ಇಟ್ಟು ‘ಬಳಸಬೇಡಿ’ ಅಂತ ಚೀಟಿ ಅಂಟಿಸಿ, ಕಂಪನಿಗೆ ಮೇಲ್ ಮಾಡಿದೆವು. ಅವರು ಲೆಕ್ಕ ಹಾಕಿ ನೋಡಿ ಆ ಇಂಜೆಕ್ಷನ್ ಬಳಸಬಾರದು ಅಂದರು, ಹೊಸದು ಕಳಿಸಿದರು. ಒಬ್ಬ ಅಮ್ಮನಿಗೆ ಡೋಸ್ ಎರಡು ದಿನ ತಡವಾಯಿತು, ಅಷ್ಟಕ್ಕೆ ಅವಕಾಶ ಇತ್ತು.

ಈಗ ಯೋಚಿಸಿ. 5, 6 ಅಂತ ಬರೆದಿದ್ದರೆ ಆ ಅಮ್ಮನಿಗೆ ಕೆಟ್ಟುಹೋಗಿರಬಹುದಾದ ಔಷಧ ಹೋಗುತ್ತಿತ್ತು. ಕೆಲಸ ಮಾಡದಿದ್ದರೆ ‘ಈ ಔಷಧದಿಂದ ಪ್ರಯೋಜನವಿಲ್ಲ’ ಅಂತ ಲೆಕ್ಕಕ್ಕೆ ಸೇರುತ್ತಿತ್ತು. ಯಾಕೆ ಅಂತ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಖಾಲಿ ಚೌಕ ನಿಜ ಹೇಳುತ್ತಿತ್ತು. ತುಂಬಿದ್ದರೆ ಅದು ಸುಳ್ಳು ಹೇಳುತ್ತಿತ್ತು, ಅದೂ ನನ್ನ ಅಕ್ಷರದಲ್ಲಿ.

ಆಮೇಲೆ ತುಂಬಿದ ಪಟ್ಟಿಯನ್ನು ಪಳಗಿದ ಕಣ್ಣು ಗುರುತಿಸುತ್ತದೆ ಅನ್ನುವುದನ್ನೂ ಹೇಳಬೇಕು. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಒತ್ತು. ದಿನವೂ ಸರಿಯಾಗಿ 9.00 ಗಂಟೆ, 9.07 ಅಂತ ಒಂದು ದಿನವೂ ಇಲ್ಲ. ಬಂದ್ ಇದ್ದ ದಿನವೂ ಸಹಿ ಉಂಟು. ಭಾನುವಾರವೂ ಉಂಟು. ಆ ಸಹಿ ಹಾಕಿದವರ ಹಾಜರಿ ಪುಸ್ತಕ ನೋಡಿದರೆ ಅವತ್ತು ಅವರು ರಜೆ.

ರೋಗಿಗಳ ಡೈರಿಯೂ ಹೀಗೆಯೇ. ಮನೆಯಲ್ಲಿ ದಿನಾ ಮಾತ್ರೆ ತೆಗೆದುಕೊಂಡ ಹೊತ್ತು, ತಲೆಸುತ್ತು, ಹೊಟ್ಟೆನೋವು ಏನಾದರೂ ಆದರೆ ಅದು, ಬರೆಯಲು ಒಂದು ಪುಸ್ತಕ ಕೊಡುತ್ತೇವೆ. ಉಳ್ಳಾಲದ ಕಡೆಯ ಅಜ್ಜ ಒಬ್ಬರು ವಿಸಿಟ್ ದಿನ ನಮ್ಮ ಕಾರಿಡಾರಿನ ಬೆಂಚಿನಲ್ಲಿ ಕೂತು ಇಡೀ ತಿಂಗಳ ಸಾಲಿಗೆ ಸರಸರ ಟಿಕ್ ಹಾಕುತ್ತಿದ್ದರು. ನನ್ನನ್ನು ನೋಡಿ ‘ಬರ್ದಾಯ್ತು ಮಗಾ, ಎಲ್ಲ ಸರಿ ಉಂಟು’ ಅಂದರು. ನಮಗೆ ಬೇಜಾರಾಗಬಾರದು ಅಂತ ಅವರ ಆಸೆ. ಅವರ ಮಗಳು ಬೀಡಿ ಕಟ್ಟುವವರು, ಪಕ್ಕದಲ್ಲೇ ಇದ್ದರು. ನಾನು ಅವರಿಗೆ ಹೇಳಿದೆ, ‘ಅಕ್ಕಾ, ಬ್ರಾಂಚಿಗೆ ಬೀಡಿ ಕೊಟ್ಟಾಗ ಪುಸ್ತಕದಲ್ಲಿ ಅಲ್ಲೇ ಬರೆಸ್ಕೊಳ್ತೀರಲ್ಲ, ತಿಂಗಳ ಕೊನೆಗೆ ನೆನಪಿನಿಂದ ಬರೀತೀವಿ ಅಂದ್ರೆ ಒಪ್ತೀರಾ?’ ಆಕೆ ಕೂಡಲೇ ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡರು. ಮುಂದಿನ ಸಲ ಡೈರಿಯಲ್ಲಿ ನಾಲ್ಕೈದು ಸಾಲು ಖಾಲಿ ಇತ್ತು. ಒಂದು ದಿನ ‘ಮದುವೆಗೆ ಹೋದದ್ದು, ಮರೆತದ್ದು’ ಅಂತಲೂ ಇತ್ತು. ಅದನ್ನು ನೋಡಿ ನನಗೆ ಆದ ಸಂತೋಷ ದೊಡ್ಡದು. ಮಾತ್ರೆ ಬಿಟ್ಟರೆ ನಾವು ಬೈಯುವುದಿಲ್ಲ. ಬಿಟ್ಟದ್ದು ಗೊತ್ತಾದರೆ ಡಾಕ್ಟರು ಸರಿಯಾಗಿ ನಿರ್ಧಾರ ಮಾಡುತ್ತಾರೆ.

ಖಾಲಿ ಸ್ಟ್ರಿಪ್ ವಾಪಸ್ ತನ್ನಿ ಅಂತ ನಾವು ಹೇಳುವುದೂ ಇದಕ್ಕೇ. 60 ಮಾತ್ರೆ ಕೊಟ್ಟಿದ್ದೇವೆ, ದಿನಕ್ಕೆ 2ರಂತೆ 28 ದಿನಕ್ಕೆ 56 ಖರ್ಚು, 4 ಉಳಿಯಬೇಕು. 9 ಉಳಿದರೆ ಕೇಳಬೇಕು. ಉಳಿಯದೇ ಇದ್ದರೂ ಕೇಳಬೇಕು. ಮನೆಯವರು ಮಾತ್ರೆಯನ್ನೆಲ್ಲ ಬಿಡಿಸಿ ಡಬ್ಬಿಗೆ ತುಂಬಿ ಸ್ಟ್ರಿಪ್ಪನ್ನು ಬಚ್ಚಲೊಲೆಗೆ ಹಾಕಿದರೆ ಲೆಕ್ಕವೂ ಹೋಯಿತು, ಯಾವ ಬ್ಯಾಚಿನ ಮಾತ್ರೆ ಅನ್ನುವುದೂ ಹೋಯಿತು. ಪ್ಲಾಸ್ಟಿಕ್ ಹೊಗೆ ಬೇರೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಉಂಟು. ಅಧ್ಯಯನದಲ್ಲಿರುವವರು ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ದಾಖಲಾದರೂ ನಮಗೆ ಕೂಡಲೇ ಹೇಳಬೇಕು. ಔಷಧಕ್ಕೆ ಸಂಬಂಧವಿಲ್ಲ ಅಂತ ನಿಮಗೆ ಅನಿಸಿದರೂ ಹೇಳಬೇಕು. ಬೈಕಿನಿಂದ ಬಿದ್ದದ್ದು ಔಷಧದಿಂದ ತಲೆಸುತ್ತಿ ಆಗಿರಬಹುದು. ಅದನ್ನು ತೀರ್ಮಾನಿಸುವ ದಾರಿ ಬೇರೆಯೇ ಇದೆ. ಇಂಥ ಗಂಭೀರ ಘಟನೆಯನ್ನು ಅಧ್ಯಯನದ ಡಾಕ್ಟರು 24 ಗಂಟೆಯೊಳಗೆ ದೆಹಲಿಯ ಔಷಧ ನಿಯಂತ್ರಣ ಕಚೇರಿಗೆ, ಕಂಪನಿಗೆ, ಎಥಿಕ್ಸ್ ಕಮಿಟಿಗೆ ತಿಳಿಸಬೇಕು ಅಂತ ನಿಯಮ. ತಡವಾದರೆ ಯಾಕೆ ಅಂತ ಬರೆದು ಕೊಡಬೇಕು. ಔಷಧದಿಂದ ಆದದ್ದಲ್ಲ ಅಂತ ಖಾತ್ರಿಯಾಗುವವರೆಗೆ, ಅಥವಾ ಡಾಕ್ಟರ ಪ್ರಕಾರ ಬೇಕಾಗುವಷ್ಟು ದಿನ, ಚಿಕಿತ್ಸೆ ಉಚಿತ. ಸಂಬಂಧವಿದೆ ಅಂತಾದರೆ ಪರಿಹಾರ. ಇಷ್ಟೆಲ್ಲ ಹಕ್ಕು ಇದೆ, ಆದರೆ ಎಲ್ಲವೂ ನಿಂತಿರುವುದು ಕಾಗದದ ಮೇಲೆ. ಒಬ್ಬರು ಕುಂದಾಪುರದಲ್ಲಿ ಡೆಂಗ್ಯೂ ಅಂತ ನಾಲ್ಕು ದಿನ ಅಡ್ಮಿಟ್ ಆಗಿದ್ದು ನಮಗೆ ಗೊತ್ತಾದದ್ದು ಮುಂದಿನ ವಿಸಿಟ್‌ನಲ್ಲಿ. ಡಿಸ್ಚಾರ್ಜ್ ಸಮ್ಮರಿ ಕೇಳಿದರೆ, ಮಳೆಗೆ ಒದ್ದೆಯಾಯಿತು, ಬಿಸಾಡಿದೆವು ಅಂದರು. ಆ ಕಾಗದದ ಇನ್ನೊಂದು ಪ್ರತಿಗೆ ನಾವು ಪಟ್ಟ ಪಾಡು ನಮಗೇ ಗೊತ್ತು. ನೀವು ಅಧ್ಯಯನದಲ್ಲಿದ್ದೀರಿ ಅಂತ ತಿಳಿಸುವ, ನಾವು ಕೊಡುವ ಸಣ್ಣ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಿ.

ದಾಖಲೆ ಕೆಟ್ಟರೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಗಳಿವೆ. 2014ರಲ್ಲಿ ಫ್ರಾನ್ಸಿನ ತಪಾಸಣೆ ಅಧಿಕಾರಿಗಳು ಔಷಧ ಅಧ್ಯಯನ ನಡೆಸುವ ಹೈದರಾಬಾದಿನ ಸಂಸ್ಥೆಯೊಂದಕ್ಕೆ ಬಂದು ಫೈಲು ತೆರೆದಾಗ ಇಸಿಜಿ ದಾಖಲೆಗಳಲ್ಲಿ ಅಕ್ರಮ ಕಂಡಿತು. 2015ರ ಜನವರಿಯಲ್ಲಿ ಯುರೋಪಿನ ಔಷಧ ಏಜೆನ್ಸಿ, ಅಲ್ಲಿನ ಅಧ್ಯಯನಗಳನ್ನು ನಂಬಿ ಅನುಮತಿ ಕೊಟ್ಟಿದ್ದ ಸುಮಾರು 700 ಔಷಧಗಳ ಅನುಮತಿ ತಡೆಹಿಡಿಯಲು ಶಿಫಾರಸು ಮಾಡಿತು. ಆ ಔಷಧಗಳಿಂದ ತೊಂದರೆಯಾಗಿದೆ ಅನ್ನುವುದಕ್ಕೆ ಪುರಾವೆ ಇರಲಿಲ್ಲ ಅಂತ ಏಜೆನ್ಸಿಯೇ ಹೇಳಿತು. ಆದರೂ ಕಾಗದವನ್ನು ನಂಬಲು ಆಗಲಿಲ್ಲ. ಅಷ್ಟೇ ಸಾಕಾಯಿತು.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆಯಿತು. 2010ರಲ್ಲಿ ನಿಲ್ಲಿಸಬೇಕಾಯಿತು. ಹೆತ್ತವರ ಸಹಿ ಇರಬೇಕಾದ ಎಷ್ಟೋ ಫಾರ್ಮುಗಳಲ್ಲಿ ಹಾಸ್ಟೆಲ್ ವಾರ್ಡನ್ನರ ಸಹಿ ಇತ್ತು ಅಂತ 2013ರ ಸಂಸದೀಯ ಸಮಿತಿಯ ವರದಿ ಎತ್ತಿ ತೋರಿಸಿತು. ಲಸಿಕೆ ಹಾಕಿಸಿಕೊಂಡ ಕೆಲವು ಹುಡುಗಿಯರು ಆಮೇಲೆ ತೀರಿಕೊಂಡಿದ್ದರು, ಆ ಸಾವುಗಳಿಗೆ ಲಸಿಕೆಯೇ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪತ್ರಗಳು ಹಾಗಿದ್ದ ಮೇಲೆ ಜನ ಯಾವ ಮಾತನ್ನು ನಂಬಬೇಕು? ಒಳ್ಳೆಯ ಲಸಿಕೆಯ ಮೇಲೂ ಅನುಮಾನ ಕೂತಿತು. ಹೆಣ್ಣುಮಕ್ಕಳಿಗೆ ಅದರಿಂದ ನಷ್ಟವೇ ಆಯಿತು ಅಂತ ನಾನು ನಂಬಿದ್ದೇನೆ.

ಈಗ ನಮ್ಮ ಊರಿನ ಆಡಳಿತದವರಿಗೆ ಎರಡು ಮಾತು. ಕಂಪನಿಗಳು ನಡೆಸುವ ಅಧ್ಯಯನಗಳಿಗೆ ಮಾನಿಟರ್ ಬರುತ್ತಾರೆ, ಸಾಲು ಸಾಲು ನೋಡುತ್ತಾರೆ. ಆದರೆ ನಮ್ಮ ಕಾಲೇಜುಗಳಲ್ಲಿ ಜಾಸ್ತಿ ನಡೆಯುವುದು ಪಿಜಿ ವಿದ್ಯಾರ್ಥಿಗಳ ಥೀಸಿಸ್. ಅದನ್ನು ನೋಡಲು ಯಾರು ಬರುತ್ತಾರೆ? ಎಥಿಕ್ಸ್ ಕಮಿಟಿ ಶುರುವಿನಲ್ಲಿ ಒಪ್ಪಿಗೆ ಕೊಡುತ್ತದೆ, ಅಲ್ಲಿಗೆ ಮುಗಿಯಿತು. ಆ ಮಕ್ಕಳು ರಾತ್ರಿ ಡ್ಯೂಟಿ ಮುಗಿಸಿ, ಊಟ ಬಿಟ್ಟು, ಪ್ರೊಫಾರ್ಮ ತುಂಬುವುದನ್ನು ನಾನು ಕಂಡಿದ್ದೇನೆ. ಅಂಥವರಿಗೆ ಯಾರೂ ಕೂತು ಕಲಿಸದಿದ್ದರೆ ಎಲ್ಲವೂ ನೇರ ಎಕ್ಸೆಲ್‌ಗೆ ಹೋಗುತ್ತದೆ. ಪರೀಕ್ಷೆ ಪಾಸಾದ ಮೇಲೆ ಕಾಗದ ರದ್ದಿಗೆ ಹೋಗುತ್ತದೆ. ಅಲ್ಲಿ ಸಹಿ ಹಾಕಿದ ರೋಗಿಯ ಕೈಯ ರಕ್ತವೂ ಅದೇ ರಕ್ತ ತಾನೇ? ಥೀಸಿಸ್‌ಗೂ ಇದೇ ಶಿಸ್ತು ಬೇಕು. ಪ್ರತಿ ವರ್ಷ ಕೆಲವು ಥೀಸಿಸ್ ಫೈಲುಗಳನ್ನು ಕಮಿಟಿಯವರೇ ಮುಂಚೆ ಹೇಳದೆ ಬಂದು ತೆರೆದು ನೋಡಿದರೆ ಅರ್ಧ ಕೆಲಸ ಆದ ಹಾಗೆ. ಆ ಕಮಿಟಿಗಳಲ್ಲಿ ಹೊರಗಿನವರು, ವಕೀಲರು, ಡಾಕ್ಟರಲ್ಲದ ಸಾಮಾನ್ಯ ಜನರೂ ಇರಬೇಕು ಅಂತ ನಿಯಮವಿದೆ. ಆ ಸಾಮಾನ್ಯ ಸದಸ್ಯರು ಸಭೆಯಲ್ಲಿ ಬಾಯಿ ತೆರೆದು ಕೇಳಬೇಕು ಅಂತ ನನ್ನ ವಿನಂತಿ.

ಕಾಗದ ಇಡುವ ಜಾಗದ ಬಗ್ಗೆಯೂ ಹೇಳದೆ ಇರಲಾರೆ. ಅಧ್ಯಯನ ಮುಗಿದ ಮೇಲೂ ಎಥಿಕ್ಸ್ ಕಮಿಟಿ ತನ್ನ ದಾಖಲೆಗಳನ್ನು 5 ವರ್ಷ ಇಡಬೇಕು. ಕಂಪನಿಗಳ ಕರಾರಿನಲ್ಲಿ ಆಸ್ಪತ್ರೆಯ ಫೈಲುಗಳನ್ನು ಅದಕ್ಕಿಂತಲೂ ಜಾಸ್ತಿ ವರ್ಷ ಇಡಿ ಅಂತಿರುತ್ತದೆ. ಆದರೆ ನಮ್ಮದು ಕರಾವಳಿ. ಜೂನ್ ಬಂತೆಂದರೆ ಹಾಳೆಗೆ ಹಾಳೆ ಅಂಟುತ್ತದೆ, ಬೈಂಡಿಗೆ ಬೂಸ್ಟು ಬರುತ್ತದೆ, ಗೆದ್ದಲು ಹೇಳದೆ ಕೇಳದೆ ಬರುತ್ತದೆ. ಇಂಥ ಊರಿನಲ್ಲಿ ರೆಕಾರ್ಡ್ ರೂಮನ್ನು ಬೇಸ್‌ಮೆಂಟಿಗೆ ಹಾಕುವುದು ಸರಿಯಲ್ಲ. ಮಳೆನೀರು ಮೊದಲು ನುಗ್ಗುವುದೇ ಅಲ್ಲಿಗೆ. ಇಸಿಜಿ ಬರುವ ನುಣುಪು ಕಾಗದವಂತೂ ಶಾಖಕ್ಕೆ, ಬೆಳಕಿಗೆ ಮಾಸಿ ಕೆಲವೇ ವರ್ಷಗಳಲ್ಲಿ ಬಿಳಿಯಾಗುತ್ತದೆ. ಅದು ಬಂದ ದಿನವೇ ಜೆರಾಕ್ಸ್ ತೆಗೆದು, ಮೂಲದ ಜೊತೆ ಹೋಲಿಸಿ ನೋಡಿದ್ದೇನೆ ಅಂತ ಸಹಿ, ತಾರೀಕು ಹಾಕಿ, ಎರಡನ್ನೂ ಒಟ್ಟಿಗೆ ಇಡಬೇಕು. ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಕಬ್ಬಿಣದ ರ‍್ಯಾಕು, ತೇವ ಹೀರುವ ಯಂತ್ರ. ದೊಡ್ಡ ಕಟ್ಟಡ ಕಟ್ಟುವವರಿಗೆ ಇದು ದೊಡ್ಡ ಖರ್ಚಲ್ಲ.

ಜನರೂ ಬೇಕು. ಒಬ್ಬ ಕೋಆರ್ಡಿನೇಟರ್ ತಲೆಯ ಮೇಲೆ ಐದಾರು ಅಧ್ಯಯನ ಹಾಕಿ, ‘ಆ ಹೊತ್ತಿಗೇ ಬರಿ’ ಅಂದರೆ ಆಕೆಗೆ ಎಷ್ಟು ಕೈ? ನಮ್ಮಲ್ಲಿ ಹೆಚ್ಚಿನವರು ಕಾಂಟ್ರಾಕ್ಟ್ ಮೇಲಿದ್ದಾರೆ. ಅಧ್ಯಯನದ ನಡುವೆ ಒಬ್ಬರು ಬಿಟ್ಟು ಹೋಗುತ್ತಾರೆ, ಹೊಸಬರಿಗೆ ಫೈಲಿನ ತಲೆ ಬುಡ ಗೊತ್ತಾಗುವುದಿಲ್ಲ. ಹಿಂದಿನ ದಿನಗಳ ಸಾಲು ತುಂಬುವ ಆಸೆ ಹುಟ್ಟುವುದೇ ಇಂಥ ಒತ್ತಡದಲ್ಲಿ. ಖಾಲಿ ಬಿಟ್ಟವರನ್ನು ಬೈದು, ತುಂಬಿದವರನ್ನು ಚುರುಕು ಅಂತ ಹೊಗಳುವುದನ್ನು ಮೇಲಿನವರು ದಯವಿಟ್ಟು ನಿಲ್ಲಿಸಬೇಕು.

ಪುತ್ತೂರಿನ ಓದುಗರಿಗೆ ಇನ್ನೊಂದು ವಿಷಯ. ಭಾರತದಲ್ಲಿ ನಡೆಯುವ ಔಷಧ ಅಧ್ಯಯನಗಳನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. 2007ರಲ್ಲಿ ಶುರುವಾದದ್ದು, 2009ರ ಜೂನ್‌ನಿಂದ ಕಡ್ಡಾಯ. ಅಧ್ಯಯನದ ನೋಂದಣಿ ನಂಬರ್ ಕೇಳಿ ತೆಗೆದುಕೊಂಡರೆ ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಯಾವ ಔಷಧ, ಯಾವ ಯಾವ ಆಸ್ಪತ್ರೆ, ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ, ಎಲ್ಲ ಅದರಲ್ಲಿದೆ. ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ. ಮಾವನವರಿಗೆ ಮುಂದುವರಿಯಲು ಮನಸ್ಸಿಲ್ಲದಿದ್ದರೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಅದರಿಂದ ಅವರ ಮಾಮೂಲಿ ಚಿಕಿತ್ಸೆಗೆ ಏನೂ ತೊಂದರೆಯಾಗಬಾರದು. ಬಿಡುವ ಮೊದಲು ಒಮ್ಮೆ ಡಾಕ್ಟರ ಹತ್ತಿರ ಮಾತಾಡಲಿ, ಕೆಲವು ಔಷಧಗಳನ್ನು ಒಮ್ಮೆಲೇ ನಿಲ್ಲಿಸಬಾರದು.

ಸಂಪಾದಕರೇ, ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಔಷಧ ಅಧ್ಯಯನದ ಸುದ್ದಿ ಬರೆಯುವಾಗ ಆ ನೋಂದಣಿ ನಂಬರನ್ನೂ ಸುದ್ದಿಯ ಜೊತೆ ಹಾಕಿ. ಆಸ್ಪತ್ರೆಗಳವರು ಎಥಿಕ್ಸ್ ಕಮಿಟಿಯ ಫೋನ್ ನಂಬರನ್ನು ಒಪಿಡಿ ಚೀಟಿ ಕೊಡುವ ಕೌಂಟರಿನ ಬಳಿ, ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಲಿ. ಇದಕ್ಕೆ ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ, ಈ ವಾರವೇ ಮಾಡಬಹುದು.

ಇಂತಿ,
ಒಬ್ಬ ರಿಸರ್ಚ್ ಕೋಆರ್ಡಿನೇಟರ್
ಬಿಜೈ, ಮಂಗಳೂರು
(ಹೆಸರು ಪ್ರಕಟಿಸಬಾರದಾಗಿ ವಿನಂತಿ)